ಎರಡು ಬಣ್ಣದ ಭ್ರೂಣ

ಭ್ರೂಣಶಾಸ್ತ್ರದ ಯಾವ ಪಠ್ಯಪುಸ್ತಕ ತೆರೆದರೂ ಒಂದು ಚಿತ್ರ ಕಣ್ಣಿಗೆ ಬೀಳುತ್ತದೆ. ನ್ಯೂಟ್ ಎಂಬ ಪುಟ್ಟ ಪ್ರಾಣಿಯ ಭ್ರೂಣ. ಅದರ ಮೈಗೆ ಅಂಟಿಕೊಂಡಂತೆ ಇನ್ನೊಂದು ಭ್ರೂಣ. ಎರಡನೆಯದಕ್ಕೂ ತನ್ನದೇ ಬೆನ್ನು, ತನ್ನದೇ ಮಿದುಳುಬಳ್ಳಿ. ಕೆಳಗೆ 'ಸ್ಪೆಮಾನ್ ಮತ್ತು ಮಾಂಗೋಲ್ಡ್, 1924' ಎಂದು ಬರೆದಿರುತ್ತದೆ. ತರಗತಿಯಲ್ಲಿ ಈ ಎರಡು ಹೆಸರುಗಳನ್ನು ಒಬ್ಬನೇ ಮನುಷ್ಯನ ಹೆಸರೆಂಬಂತೆ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಮೊದಲನೆಯವನು ಹಾನ್ಸ್ ಸ್ಪೆಮಾನ್, 1935ರಲ್ಲಿ ನೊಬೆಲ್ ಪಡೆದ ಜರ್ಮನ್ ಪ್ರೊಫೆಸರು. ಎರಡನೆಯವಳು ಹಿಲ್ಡೆ ಮಾಂಗೋಲ್ಡ್, ಅವನ ಪಿಎಚ್.ಡಿ. ವಿದ್ಯಾರ್ಥಿನಿ. ಚಿತ್ರದಲ್ಲಿರುವ ಭ್ರೂಣವನ್ನು ಕೊಯ್ದು ಕಸಿ ಮಾಡಿದ್ದು ಅವಳ ಕೈ. 1924ರ ಸೆಪ್ಟೆಂಬರ್ 4ರಂದು, ಇಪ್ಪತ್ತಾರು ತುಂಬುವ ಮೊದಲೇ, ಅವಳು ತೀರಿಕೊಂಡಳು.

ಆ ಪ್ರಯೋಗ ಕೇಳಿದ್ದ ಪ್ರಶ್ನೆ ಸರಳವಾದದ್ದು: ಈ ಎರಡನೆಯ ದೇಹವನ್ನು ಕಟ್ಟಿದವರು ಯಾರು? ಹೊರಗಿನಿಂದ ಬಂದ ಕಸಿಯೋ, ಅದಕ್ಕೆ ಜಾಗ ಕೊಟ್ಟ ಭ್ರೂಣವೋ? ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲು ಎಪ್ಪತ್ತು ವರ್ಷ ಹಿಡಿಯಿತು. ಉತ್ತರ ಸಿಕ್ಕಾಗ ಅದು ಸ್ಪೆಮಾನ್ ಇಟ್ಟ ಹೆಸರಿಗೆ ಅಷ್ಟಾಗಿ ಒಗ್ಗುವಂತಿರಲಿಲ್ಲ.

ಕಥೆ ಶುರುವಾಗುವುದು ಇನ್ನೂ ಹಿಂದೆ. ಒಂದೇ ಜೀವಕೋಶವಾದ ಮೊಟ್ಟೆ ಎರಡಾಗಿ, ನಾಲ್ಕಾಗಿ, ಸಾವಿರವಾಗಿ ಒಡೆಯುತ್ತದೆ. ಆದರೆ ಕೊನೆಗೆ ಕೈಸೇರುವುದು ಸಾವಿರ ಒಂದೇ ಥರದ ಕೋಶಗಳ ಮುದ್ದೆಯಲ್ಲ. ತಲೆ, ಬಾಲ, ಹೊಟ್ಟೆ, ಬೆನ್ನು ಇರುವ ಒಂದು ಪ್ರಾಣಿ. ಯಾವ ಕೋಶ ಏನಾಗಬೇಕು ಎನ್ನುವುದು ಮೊದಲೇ ಹಣೆಯಲ್ಲಿ ಬರೆದಿರುತ್ತದೆಯೇ? 1888ರಲ್ಲಿ ವಿಲ್ಹೆಲ್ಮ್ ರೂ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ಮೊಟ್ಟೆ ಎರಡು ಕೋಶಗಳಾಗಿದ್ದಾಗ ಒಂದನ್ನು ಕಾದ ಸೂಜಿಯಿಂದ ಚುಚ್ಚಿ ಕೊಂದ. ಉಳಿದ ಕೋಶ ಅರ್ಧ ಭ್ರೂಣವಾಗಿ ಬೆಳೆಯಿತು. ಹಾಗಾದರೆ ಹಣೆಬರಹವೇ ನಿಜ ಎಂದಾಯಿತು. ಮೂರು ವರ್ಷದ ನಂತರ ಹಾನ್ಸ್ ಡ್ರೀಶ್ ಸಮುದ್ರದ ಅರ್ಚಿನ್ ಎಂಬ ಮುಳ್ಳುಜೀವಿಯ ಎರಡು ಕೋಶಗಳನ್ನು ಕುಲುಕಿ ಬೇರ್ಪಡಿಸಿದ. ಪ್ರತಿಯೊಂದೂ ಗಾತ್ರದಲ್ಲಿ ಚಿಕ್ಕದಾದರೂ ಪೂರ್ತಿ ಮರಿಯಾಯಿತು. ಹಣೆಬರಹ ಸುಳ್ಳಾಯಿತು. ರೂ ಕೊಂದ ಕೋಶ ಬದುಕಿದ್ದ ಕೋಶಕ್ಕೆ ಅಂಟಿಕೊಂಡೇ ಇದ್ದುದರಿಂದ, ಆ ಬದುಕಿದ ಕೋಶ ತನ್ನ ಜೊತೆಗಾರ ಇನ್ನೂ ಇದ್ದಾನೆಂಬಂತೆ ನಡೆದುಕೊಂಡಿತ್ತು ಎನ್ನುವುದು ಆಮೇಲೆ ತಿಳಿಯಿತು. ಡ್ರೀಶ್‌ನಾದರೋ ತಾನು ಕಂಡದ್ದಕ್ಕೆ ತಾನೇ ದಂಗಾಗಿ, ಯಾವ ಯಂತ್ರವನ್ನು ಎರಡು ತುಂಡು ಮಾಡಿದರೆ ಎರಡು ಪೂರ್ತಿ ಯಂತ್ರಗಳಾಗುತ್ತವೆ ಎಂದು ಕೇಳಿಕೊಂಡ; ಜೀವಕ್ಕೆ ಭೌತಶಾಸ್ತ್ರಕ್ಕೆ ಸಿಗದ ಬೇರೊಂದು ಶಕ್ತಿ ಇದೆ ಎಂದು ನಂಬಿ, ಪ್ರಯೋಗಾಲಯ ಬಿಟ್ಟು ತತ್ವಶಾಸ್ತ್ರಕ್ಕೆ ಹೋದ. ಪ್ರಯೋಗ ಮಾಡುವವರಿಗೆ ಇಂಥ ವೈರಾಗ್ಯ ಆಗಾಗ ಬರುತ್ತದೆ. ಡ್ರೀಶ್‌ಗೆ ಬಂದದ್ದು ಖಾಯಂ ಆಗಿ ಉಳಿಯಿತು.

ಸ್ಪೆಮಾನ್ ತಾಳ್ಮೆಯ ಆಳು. ಯುವಕನಾಗಿದ್ದಾಗ ಕ್ಷಯದಿಂದ ಸ್ಯಾನಿಟೋರಿಯಂ ಸೇರಿದ್ದಾಗ ಆನುವಂಶಿಕತೆಯ ಬಗ್ಗೆ ವೈಸ್‌ಮನ್ ಬರೆದ ಪುಸ್ತಕ ಓದಿ, ಅದರಲ್ಲಿದ್ದ ಊಹೆಗಳನ್ನು ಪರೀಕ್ಷೆ ಮಾಡಿಯೇ ನೋಡಬೇಕೆಂದು ಹೊರಟವನು. ಅವನು ಆರಿಸಿಕೊಂಡ ಪ್ರಾಣಿ ನ್ಯೂಟ್. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ, ಬಾಲವಿರುವ ಉಭಯಚರಿ. (ನಮ್ಮ ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳಿಗೆ ಬರವಿಲ್ಲ, ಆದರೆ ನ್ಯೂಟ್ ಇಲ್ಲ, ಭಾರತದಲ್ಲಿ ಈ ಗುಂಪಿನ ಪ್ರಾಣಿ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಯ ಪೂರ್ವ ಹಿಮಾಲಯಕ್ಕೆ ಹೋಗಬೇಕು.) ಮೊಟ್ಟೆ ಸಾಸಿವೆ ಕಾಳಿನಷ್ಟು. ಅದನ್ನು ಕತ್ತರಿಸುವ ಯಾವ ಉಪಕರಣವೂ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸ್ಪೆಮಾನ್ ಎಳೆಗೂಸಿನ ಕೂದಲಿನಿಂದ ಕುಣಿಕೆ ಮಾಡಿದ, ಗಾಜನ್ನು ಕಾಯಿಸಿ ಎಳೆದು ಸೂಜಿ ಮಾಡಿದ. ಕೂದಲಿನ ಕುಣಿಕೆಯನ್ನು ಮೊಟ್ಟೆಯ ಸುತ್ತ ಬಿಗಿದು ನಡುವೆ ಕಟ್ಟಿದಾಗ ಕೆಲವೊಮ್ಮೆ ಎರಡೂ ಅರ್ಧಗಳು ಪೂರ್ತಿ ಭ್ರೂಣಗಳಾದವು, ಕೆಲವೊಮ್ಮೆ ಎರಡು ತಲೆಯ ಒಂದೇ ಮರಿಯಾಯಿತು. ಕುಣಿಕೆ ಇನ್ನೊಂದು ದಿಕ್ಕಿನಲ್ಲಿ ಬಿದ್ದರೆ ಒಂದು ಅರ್ಧ ಸರಿಯಾದ ಭ್ರೂಣವಾಗಿ, ಮತ್ತೊಂದು ಬೆನ್ನೂ ನರವೂ ಇಲ್ಲದ ಹೊಟ್ಟೆಯ ಮುದ್ದೆಯಾಗಿ ಉಳಿಯಿತು. ಅಂದರೆ ಮೊಟ್ಟೆಯ ಎಲ್ಲ ಭಾಗವೂ ಸಮಾನವಲ್ಲ. ಬೆನ್ನಾಗುವ ಕಡೆ ಏನೋ ಒಂದು ಇದೆ. ಅದು ಯಾವ ಅರ್ಧಕ್ಕೆ ಸಿಕ್ಕಿತೋ ಆ ಅರ್ಧಕ್ಕೆ ಬದುಕು.

ಆ 'ಏನೋ ಒಂದು' ಎಲ್ಲಿದೆ ಎಂದು ಹುಡುಕುತ್ತ ಸ್ಪೆಮಾನ್ ಭ್ರೂಣದ ಚೂರುಗಳನ್ನು ಅದಲುಬದಲು ಮಾಡತೊಡಗಿದ. ಭ್ರೂಣದ ಬಾಳಿನಲ್ಲಿ ಒಂದು ಘಟ್ಟವಿದೆ, ಗ್ಯಾಸ್ಟ್ರುಲಾ ಎಂದು ಹೆಸರು. ದುಂಡಗಿನ ಭ್ರೂಣದ ಒಂದು ಕಡೆ ಸಣ್ಣ ಸೀಳು ಬಿದ್ದು, ಹೊರಗಿನ ಕೋಶಗಳು ಆ ಸೀಳಿನ ಅಂಚನ್ನು ದಾಟಿ ಒಳಕ್ಕೆ ಉರುಳುತ್ತ ಹೋಗುತ್ತವೆ. ಕಾಲುಚೀಲದ ತುದಿಯನ್ನು ಒಳಕ್ಕೆ ಮಡಚಿದ ಹಾಗೆ. ಈ ಘಟ್ಟದ ಆರಂಭದಲ್ಲಿ ಮುಂದೆ ಚರ್ಮವಾಗಬೇಕಿದ್ದ ಚೂರನ್ನು ತೆಗೆದು ಮಿದುಳಾಗಬೇಕಿದ್ದ ಜಾಗದಲ್ಲಿ ಇಟ್ಟರೆ ಅದು ಮಿದುಳೇ ಆಯಿತು. ಹೋದ ಊರಿನ ಭಾಷೆ ಕಲಿತುಕೊಂಡಿತು. ಕೆಲವೇ ಗಂಟೆ ತಡವಾಗಿ ಅದನ್ನೇ ಮಾಡಿದರೆ ಚೂರು ಹಟ ಹಿಡಿದು ತನ್ನ ಮೂಲವನ್ನೇ ಉಳಿಸಿಕೊಂಡಿತು. ಒಂದೇ ಒಂದು ಜಾಗ ಮಾತ್ರ ಈ ನಿಯಮಕ್ಕೆ ಬಗ್ಗಲಿಲ್ಲ. ಆ ಸೀಳಿನ ಮೇಲಂಚು, ಅಂದರೆ ಮೇಲ್ತುಟಿ. ಅದನ್ನು ಎಷ್ಟು ಬೇಗ ತೆಗೆದು ಎಲ್ಲಿ ಇಟ್ಟರೂ ಅದು ಊರಿನ ಭಾಷೆ ಕಲಿಯಲಿಲ್ಲ. ಬದಲಿಗೆ, ಇಟ್ಟ ಜಾಗದಲ್ಲಿ ಎರಡನೆಯ ಭ್ರೂಣದ ಬೆನ್ನು ಮೂಡಿತು. 1918ರಲ್ಲಿ ಇದನ್ನು ಪ್ರಕಟಿಸಿದಾಗ ಸ್ಪೆಮಾನ್, ಆ ಬೆನ್ನು ಕಸಿಯ ಕೋಶಗಳಿಂದಲೇ ಬೆಳೆದದ್ದೆಂದು ತಿಳಿದಿದ್ದ. ಹಾಗೆ ತಿಳಿಯುವುದು ಸಹಜವೂ ಆಗಿತ್ತು. ಕಸಿ ಕೊಟ್ಟ ಭ್ರೂಣ, ಪಡೆದ ಭ್ರೂಣ ಎರಡೂ ಒಂದೇ ಜಾತಿಯವು, ಒಂದೇ ಬಣ್ಣದವು. ಕೂಡಿದ ಮೇಲೆ ಯಾವ ಕೋಶ ಯಾರದ್ದೆಂದು ಹೇಳುವುದು ಹೇಗೆ?

ದಾರಿ ಸಿಕ್ಕಿದ್ದು ಬಣ್ಣದಲ್ಲಿ. ಒಂದು ಜಾತಿಯ ನ್ಯೂಟ್‌ನ ಮೊಟ್ಟೆಯಲ್ಲಿ ಕಪ್ಪು ಬಣ್ಣದ ಕಣಗಳು ತುಂಬಿರುತ್ತವೆ. ತಲೆಯಿಂದ ಬಾಲದವರೆಗೆ ಶಿಖೆಯಿರುವ ಇನ್ನೊಂದು ಜಾತಿಯ ಮೊಟ್ಟೆ ಹೆಚ್ಚು ಕಡಿಮೆ ಬಿಳಿ. ಬಿಳಿಯ ಭ್ರೂಣದ ಮೇಲ್ತುಟಿಯನ್ನು ಕಪ್ಪು ಭ್ರೂಣಕ್ಕೆ ಕಸಿ ಮಾಡಿದರೆ, ಬೆಳೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಕೋಶದ ಊರನ್ನೂ ಗುರುತಿಸಬಹುದು. ಮೇಲ್ತುಟಿ ಬರೀ ತಾನು ಬೆಳೆಯುವುದಲ್ಲ, ಅಕ್ಕಪಕ್ಕದವರನ್ನೂ ಬೆಳೆಸುತ್ತಿರಬಹುದೆಂಬ ಅನುಮಾನ ಸ್ಪೆಮಾನ್‌ಗೆ ಅಷ್ಟರಲ್ಲಿ ಹುಟ್ಟಿತ್ತು. ಅದನ್ನು ಪರೀಕ್ಷಿಸುವ ಕೆಲಸ ಹಿಲ್ಡೆಗೆ ಬಂತು.

ಹಿಲ್ಡೆ ಪ್ರೊಶೋಲ್ಟ್ ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಗೋಥಾದಲ್ಲಿ. ಯೇನಾ ಮತ್ತು ಫ್ರಾಂಕ್‌ಫರ್ಟ್‌ಗಳಲ್ಲಿ ಓದುತ್ತಿದ್ದಾಗ ಸ್ಪೆಮಾನ್‌ನ ಒಂದು ಉಪನ್ಯಾಸ ಕೇಳಿ 1920ರಲ್ಲಿ ಫ್ರೈಬರ್ಗ್‌ಗೆ ಬಂದಳು. ಸ್ಪೆಮಾನ್ ಅವಳಿಗೆ ಮೊದಲು ಕೊಟ್ಟ ವಿಷಯ ಇದಲ್ಲ. ಹದಿನೆಂಟನೆಯ ಶತಮಾನದಲ್ಲಿ ಟ್ರೆಂಬ್ಲಿ ಎಂಬುವನು ಹೈಡ್ರಾ ಎಂಬ ಕೊಳದ ಪುಟ್ಟ ಜೀವಿಯನ್ನು ಅಂಗಿಯಂತೆ ಒಳಹೊರಗು ತಿರುಗಿಸಿದ್ದ. ಅದನ್ನು ಮತ್ತೆ ಮಾಡಿ ನೋಡು ಎಂದಿದ್ದ. ಹೈಡ್ರಾ ಅವಳ ಮಾತು ಕೇಳಲಿಲ್ಲ. ವಿಷಯ ಬದಲಾಯಿತು. ಸಂಶೋಧನೆ ಮಾಡುವವರಿಗೆ ಇದು ಗೊತ್ತಿರುವ ಸಂಕಟ: ಕೈಕೊಟ್ಟ ಮೊದಲ ವಿಷಯ, ಕಳೆದುಹೋದ ತಿಂಗಳುಗಳು, ಆಮೇಲೆ ಗೈಡ್ ಕೊಟ್ಟ ಎರಡನೆಯದು.

ಎರಡನೆಯದೇನೂ ಸಲೀಸಾಗಿರಲಿಲ್ಲ. ನ್ಯೂಟ್ ಮೊಟ್ಟೆಯಿಡುವುದು ವಸಂತದಲ್ಲಿ ಮಾತ್ರ. ವರ್ಷದ ಕೆಲಸವೆಲ್ಲ ಆ ಕೆಲವು ವಾರಗಳಲ್ಲಿ ಆಗಬೇಕು. ಮೊಟ್ಟೆಯ ಸುತ್ತಲಿನ ಲೋಳೆಯನ್ನೂ ಒಳಪೊರೆಯನ್ನೂ ಚಿಮಟದಿಂದ ಬಿಡಿಸಬೇಕು. ಪೊರೆ ಕಳಚಿದ ಭ್ರೂಣ ತನ್ನ ಭಾರಕ್ಕೆ ತಾನೇ ಚಪ್ಪಟೆಯಾಗುವಷ್ಟು ಮೆತ್ತಗೆ. ತಳಕ್ಕೆ ಮೇಣ ಹಾಕಿದ ಬಟ್ಟಲಲ್ಲಿ ಸಣ್ಣ ಗುಂಡಿ ಮಾಡಿ ಅದನ್ನು ಕೂರಿಸಿ, ಗಾಜಿನ ಸೂಜಿಯಿಂದ ಬಿಳಿ ಭ್ರೂಣದ ಮೇಲ್ತುಟಿಯ ಚೂರು ಕೊಯ್ದು, ಕಪ್ಪು ಭ್ರೂಣದಲ್ಲಿ ಅಷ್ಟೇ ದೊಡ್ಡ ಗಾಯ ಮಾಡಿ, ಚೂರನ್ನು ಅದರಲ್ಲಿಟ್ಟು, ಗಾಯ ಕೂಡುವವರೆಗೆ ಗಾಜಿನ ಪುಟ್ಟ ಸೇತುವೆಯಿಂದ ಒತ್ತಿ ಹಿಡಿಯಬೇಕು. ಇದೆಲ್ಲ ಕಣ್ಣು ಸೂಕ್ಷ್ಮದರ್ಶಕದಲ್ಲಿಟ್ಟು, ಬರಿಗೈಯಲ್ಲಿ. ಆಂಟಿಬಯೋಟಿಕ್ ಇನ್ನೂ ಹುಟ್ಟಿರಲಿಲ್ಲ. ನೀರಿನಲ್ಲಿದ್ದ ಬ್ಯಾಕ್ಟೀರಿಯಾ ಹತ್ತಿ ಭ್ರೂಣಗಳು ಸಾಲುಸಾಲಾಗಿ ಕೊಳೆತವು. 1921 ಮತ್ತು 1922ರ ಎರಡು ವಸಂತಗಳ ದುಡಿಮೆಯಲ್ಲಿ ಲೇಖನಕ್ಕೆ ಬೇಕಾದಷ್ಟು ಬೆಳೆದದ್ದು ಬೆರಳೆಣಿಕೆಯ ಭ್ರೂಣಗಳು. ಅವೂ ಬಾಲದ ಮೊಗ್ಗು ಮೂಡುವ ಹೊತ್ತಿಗೆ ನಿಂತವು. ಒಂದೂ ಈಜುವ ಮರಿಯಾಗಲಿಲ್ಲ. ಅವುಗಳಲ್ಲಿ ಚೆನ್ನಾಗಿ ಬೆಳೆದದ್ದು ಅವಳ ದಾಖಲೆಯಲ್ಲಿ 'ಉಮ್ 132' ಎಂಬ ಗುರುತಿನದು. ಪಠ್ಯಪುಸ್ತಕಗಳಲ್ಲಿರುವ ಚಿತ್ರ ಅದರದೇ.

ಹಿಲ್ಡೆ ಅದನ್ನು ಮೇಣದಲ್ಲಿ ಹುದುಗಿಸಿ ತೆಳ್ಳನೆಯ ಚೂರುಗಳಾಗಿ ಸೀಳಿ ಒಂದೊಂದನ್ನೂ ನೋಡಿದಳು. ಎರಡನೆಯ ಭ್ರೂಣಕ್ಕೆ ನರನಾಳವಿತ್ತು; ಅದರ ಕೋಶಗಳು ಬಹುಪಾಲು ಕಪ್ಪು. ಅಂದರೆ ಅತಿಥೇಯ ಭ್ರೂಣದವು. ಯಾರೂ ತಡೆಯದಿದ್ದರೆ ಹೊಟ್ಟೆಯ ಚರ್ಮವಾಗಬೇಕಿದ್ದ ಕೋಶಗಳು ಮಿದುಳುಬಳ್ಳಿಯಾಗಿದ್ದವು. ಬಿಳಿಯ ಕೋಶಗಳು ಮುಖ್ಯವಾಗಿ ಇದ್ದದ್ದು ನೋಟೋಕಾರ್ಡ್‌ನಲ್ಲಿ, ಬೆನ್ನೆಲುಬು ಬರುವ ಮೊದಲು ಆ ಜಾಗದಲ್ಲಿ ಉದ್ದಕ್ಕೆ ಮಲಗಿರುವ ಕಡ್ಡಿಯಲ್ಲಿ. ಸ್ನಾಯುಗಳಾಗುವ ತುಂಡುಗಳಲ್ಲಿ ಕಪ್ಪೂ ಇತ್ತು, ಬಿಳಿಯೂ ಇತ್ತು, ಹೊಲಿದಂತೆ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡು. ನನಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಬೆರಗು ಹುಟ್ಟಿಸುವುದು ಈ ಕೊನೆಯ ವಿವರ. ಎರಡು ಬೇರೆ ಜಾತಿಗಳ ಕೋಶಗಳು ಸೇರಿ, ಯಾರ ಪಾಲು ಎಷ್ಟೆಂದು ಜಗಳವಾಡದೆ, ಅಳತೆ ತಪ್ಪದ ಒಂದೇ ದೇಹ ಕಟ್ಟಿದ್ದವು. ಕಸಿ ಒಬ್ಬನೇ ಕಟ್ಟಲಿಲ್ಲ. ಅತಿಥೇಯ ಒಬ್ಬನೇ ಕಟ್ಟಲಿಲ್ಲ.

ಈ ಲೇಖನ 1924ರಲ್ಲಿ ಬಂತು, ರೂ ಸ್ಥಾಪಿಸಿದ್ದ ಪತ್ರಿಕೆಯಲ್ಲೇ. ಮೊದಲ ಹೆಸರು ಸ್ಪೆಮಾನ್‌ನದು, ಎರಡನೆಯದು ಹಿಲ್ಡೆ ಮಾಂಗೋಲ್ಡ್‌ಳದು. ಅಷ್ಟರಲ್ಲಿ ಅವಳು ಸ್ಪೆಮಾನ್‌ನ ಸಹಾಯಕ ಒಟ್ಟೋ ಮಾಂಗೋಲ್ಡ್‌ನನ್ನು ಮದುವೆಯಾಗಿ, ಒಂದು ಮಗುವಿನ ತಾಯಿಯಾಗಿದ್ದಳು. ಅವಳ ಜೊತೆಗೇ ಸ್ಪೆಮಾನ್ ಬಳಿ ಪಿಎಚ್.ಡಿ. ಮಾಡುತ್ತಿದ್ದ ವಿಕ್ಟರ್ ಹ್ಯಾಂಬರ್ಗರ್ ಬಹಳ ವರ್ಷಗಳ ನಂತರ ನೆನಪಿಸಿಕೊಂಡಂತೆ, ತಾನು ಮತ್ತು ಯೊಹಾನ್ನೆಸ್ ಹೋಲ್ಟ್‌ಫ್ರೆಟರ್ ತಮ್ಮ ಪ್ರಬಂಧಗಳನ್ನು ತಮ್ಮೊಬ್ಬರ ಹೆಸರಿನಲ್ಲೇ ಪ್ರಕಟಿಸಿದರು. ಹಿಲ್ಡೆಯ ಪ್ರಬಂಧಕ್ಕೆ ಮಾತ್ರ ಸ್ಪೆಮಾನ್ ತನ್ನ ಹೆಸರು ಸೇರಬೇಕು, ಅದೂ ಮೊದಲು ಬರಬೇಕು ಎಂದ. ಅವಳಿಗೆ ಅದು ಬೇಸರ ತಂದಿತ್ತು.

ಇದನ್ನು ಕಳ್ಳತನವೆಂದು ನಾನು ಹೇಳಲಾರೆ. ಪ್ರಶ್ನೆ ಸ್ಪೆಮಾನ್‌ನದು, ಕೂದಲಿನ ಕುಣಿಕೆ ಅವನದು, ಎರಡು ಬಣ್ಣದ ಉಪಾಯವೂ ಅವನದೇ. ಇಪ್ಪತ್ತು ವರ್ಷದ ಯೋಚನೆ ಅದರ ಹಿಂದಿತ್ತು. ಆದರೆ ಬೇರೆ ವಿದ್ಯಾರ್ಥಿಗಳ ಪ್ರಬಂಧದ ಹಿಂದೆಯೂ ಅವನ ಯೋಚನೆ ಇತ್ತಲ್ಲ? ಫಲಿತಾಂಶ ದೊಡ್ಡದಾದಾಗ ಮಾತ್ರ ಗುರುವಿನ ಹೆಸರು ಮುಂದೆ ಬರಬೇಕೆಂದರೆ, ಅಲ್ಲಿ ಲೆಕ್ಕ ಬೇರೆಯೇ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮನೆಯೊಳಗಿನ ಸ್ಫೋಟವೊಂದರಲ್ಲಿ ಸುಟ್ಟ ಗಾಯಗಳಿಂದ ಹಿಲ್ಡೆ ಸತ್ತಳು. ತೀರಿಕೊಂಡವರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲ. ಹಾಗಾಗಿ 1935ರಲ್ಲಿ ಅವಳಿದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಸಮಿತಿ ಎದುರಿಸಬೇಕಾಗಿಯೇ ಬರಲಿಲ್ಲ.

ನ್ಯಾಯವಾಗಿ ಇಲ್ಲಿ ಇನ್ನೊಂದು ಹೆಸರೂ ಬರಬೇಕು. 1909ರಲ್ಲಿ ಅಮೆರಿಕದಲ್ಲಿ ಎಥೆಲ್ ಬ್ರೌನ್ ಎಂಬ ವಿದ್ಯಾರ್ಥಿನಿ ಹೈಡ್ರಾದ ಬಾಯಿಯ ಭಾಗದ ಚೂರನ್ನು ಇನ್ನೊಂದು ಹೈಡ್ರಾದ ಮೈಗೆ ಕಸಿ ಮಾಡಿ, ಅಲ್ಲಿ ಹೊಸ ಹೈಡ್ರಾ ಮೂಡುವುದನ್ನು ತೋರಿಸಿದ್ದಳು. ಹೊಸದು ಬಹುಪಾಲು ಅತಿಥೇಯದ ಕೋಶಗಳಿಂದಾದದ್ದೆಂದು ಕಂಡುಕೊಳ್ಳಲು ಅವಳು ಬಳಸಿದ್ದೂ ಬಣ್ಣವನ್ನೇ: ಹಸಿರು ಹೈಡ್ರಾ, ಬಿಳಿ ಹೈಡ್ರಾ. ಹಿಲ್ಡೆಗೆ ಕೈಕೊಟ್ಟ ಅದೇ ಪ್ರಾಣಿ.

ಮೇಲ್ತುಟಿಗೆ ಸ್ಪೆಮಾನ್ ಇಟ್ಟ ಹೆಸರು 'ಆರ್ಗನೈಸರ್'. ಕನ್ನಡದಲ್ಲಿ ಸಂಘಟಕ ಎನ್ನಬಹುದು. ನಮ್ಮಲ್ಲಿ ಸಂಘಟಕನೆಂದರೆ ಶಾಮಿಯಾನ ಹಾಕಿಸಿ, ಕುರ್ಚಿ ಜೋಡಿಸಿ, ಮೈಕ್ ತರಿಸಿ, ಹಾಡುವವರು ಬಂದಾಗ ಪಕ್ಕಕ್ಕೆ ಸರಿಯುವವನು. ಆದರೆ ಆ ಕಾಲದ ವಿಜ್ಞಾನಿಗಳಿಗೆ ಆ ಪದ ಬೇರೆಯಾಗಿ ಕೇಳಿಸಿತು. ಅವರ ಕಿವಿಗೆ ಅದು ಅಪ್ಪಣೆ ಕೊಡುವವನ ಹೆಸರು. ಅಪ್ಪಣೆ ಇದ್ದರೆ ಅದನ್ನು ಹೊತ್ತೊಯ್ಯುವ ಒಂದು ರಾಸಾಯನಿಕ ಇರಲೇಬೇಕು. ಅದನ್ನು ಹಿಡಿದವರಿಗೆ ಜೀವದ ಗುಟ್ಟು ಸಿಕ್ಕಂತೆ. 1932ರಲ್ಲಿ ಹೋಲ್ಟ್‌ಫ್ರೆಟರ್ ಮತ್ತು ಸಂಗಡಿಗರು ಕೊಂದ ಸಂಘಟಕವೂ ಕೆಲಸ ಮಾಡುತ್ತದೆಂದು ತೋರಿಸಿದಾಗ ಬೇಟೆ ಬಿರುಸಾಯಿತು. ಕೇಂಬ್ರಿಜ್‌ನಲ್ಲಿ ಜೋಸೆಫ್ ನೀಡಮ್ ಮತ್ತು ವಾಡಿಂಗ್ಟನ್, ಬೆಲ್ಜಿಯಂನಲ್ಲಿ ಬ್ರಾಶೆ ಬೆನ್ನುಬಿದ್ದರು. ಸಿಕ್ಕಿದ್ದು ನಿರಾಶೆಗಿಂತ ವಿಚಿತ್ರವಾದದ್ದು: ಎಲ್ಲವೂ ಕೆಲಸ ಮಾಡುತ್ತಿತ್ತು! ಬೇರೆ ಪ್ರಾಣಿಗಳ ಯಕೃತ್ತು ಇಟ್ಟರೆ ನರ, ಮೂತ್ರಪಿಂಡ ಇಟ್ಟರೆ ನರ. ಜೀವಲೋಕಕ್ಕೆ ಸಂಬಂಧವೇ ಇಲ್ಲದ ಮೆಥಿಲೀನ್ ಬ್ಲೂ ಎಂಬ ಬಣ್ಣದ ಪುಡಿಯಿಂದಲೂ ನರ. ಯಾವ ಕೀಲಿ ಹಾಕಿದರೂ ತೆರೆಯುವ ಬೀಗದಿಂದ ಕೀಲಿಯ ಬಗ್ಗೆ ಏನು ತಿಳಿದೀತು? ಬೇಟೆ ನಿಧಾನವಾಗಿ ನಿಂತಿತು. ನೀಡಮ್ ಭ್ರೂಣಗಳನ್ನು ಬಿಟ್ಟು ಚೀನಾದ ವಿಜ್ಞಾನ ಚರಿತ್ರೆಯನ್ನು ಹಿಡಿದ. ಇಂದು ಅವನ ಹೆಸರು ಉಳಿದಿರುವುದು ಅದರಿಂದ.

ಅಷ್ಟರಲ್ಲಿ ಫ್ರೈಬರ್ಗ್ ಬಳಗವೂ ಚೆದುರಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಹ್ಯಾಂಬರ್ಗರ್ ಅಮೆರಿಕದ ಶಿಕಾಗೋದಲ್ಲಿ ಫೆಲೋಶಿಪ್ ಮೇಲಿದ್ದ. ಯಹೂದಿಯಾದ್ದರಿಂದ ಫ್ರೈಬರ್ಗ್‌ನ ಕೆಲಸ ಹೋಯಿತು, ವಾಪಸು ಬರಲೇ ಇಲ್ಲ. ನಾಜಿಗಳನ್ನು ಒಪ್ಪದ ಹೋಲ್ಟ್‌ಫ್ರೆಟರ್ 1939ರಲ್ಲಿ ಇಂಗ್ಲೆಂಡ್ ಸೇರಿದ; ಅಲ್ಲಿನವರು ಶತ್ರುದೇಶದ ಪ್ರಜೆಯೆಂದು ಅವನನ್ನು ಕೆನಡಾದ ಶಿಬಿರಕ್ಕೆ ಸಾಗಿಸಿದರು. ಹಿಲ್ಡೆಯ ಗಂಡ ಒಟ್ಟೋ ನಾಜಿ ಪಕ್ಷ ಸೇರಿ, 1937ರಲ್ಲಿ ಸ್ಪೆಮಾನ್‌ನ ಪೀಠಕ್ಕೆ ಬಂದು, ಮರುವರ್ಷ ವಿಶ್ವವಿದ್ಯಾಲಯದ ಮುಖ್ಯಸ್ಥನೂ ಆದ.

ಊರು ಬಿಟ್ಟವರಲ್ಲಿ ಸಲೋಮೆ ಗ್ಲುಕ್‌ಸೋನ್ ಕೂಡ ಇದ್ದಳು. ಇವಳೂ ಸ್ಪೆಮಾನ್‌ನ ವಿದ್ಯಾರ್ಥಿನಿ, ಯಹೂದಿ, 1932ರಲ್ಲಿ ಪಿಎಚ್.ಡಿ. ಮುಗಿಸಿದಳು. ತನಗೆ ಸಿಕ್ಕಿದ್ದು ಎರಡು ಜಾತಿಯ ನ್ಯೂಟ್‌ಗಳ ಕಾಲು ಬೆಳೆಯುವುದನ್ನು ಹೋಲಿಸಿ ವರ್ಣಿಸುವ ನೀರಸ ವಿಷಯವೆಂದು ಮುಂದೆ ಹೇಳಿಕೊಂಡಳು. ಸ್ಪೆಮಾನ್‌ನ ಲೋಕದಲ್ಲಿ ಜೀನ್ ಎಂಬ ಮಾತಿಗೆ ಜಾಗವಿರಲಿಲ್ಲ ಎನ್ನುವುದೂ ಅವಳ ಅಸಮಾಧಾನ. ನ್ಯೂಟ್‌ನಲ್ಲಿ ಜೀನ್ ಹುಡುಕುವುದು ಕಷ್ಟವೂ ಹೌದು. ನೊಣದ ಮೇಲೆ ಕೆಲಸ ಮಾಡುವ ತಳಿಶಾಸ್ತ್ರಜ್ಞರಿಗೆ ಭ್ರೂಣ ಬೇಕಿರಲಿಲ್ಲ, ಭ್ರೂಣ ಕೊಯ್ಯುವವರಿಗೆ ಜೀನ್ ಬೇಕಿರಲಿಲ್ಲ. ಎರಡು ಮನೆಯವರಿಗೂ ಮಾತುಕತೆ ಇರಲಿಲ್ಲ.

ಆ ಎರಡು ಮನೆಗಳ ನಡುವೆ ಬಾಗಿಲು ತೆರೆದವರಲ್ಲಿ ಸಲೋಮೆ ಮೊದಲಿಗಳು. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡನ್ ಎಂಬ ತಳಿಶಾಸ್ತ್ರಜ್ಞನ ಬಳಿ ಗಿಡ್ಡ ಬಾಲದ ಇಲಿಗಳಿದ್ದವು. ಈ ದೋಷವನ್ನು ಪ್ಯಾರಿಸ್‌ನಲ್ಲಿ ನಡೀನ್ ದೊಬ್ರೊವೊಲ್‌ಸ್ಕಾಯಾ ಎಂಬ ರಷ್ಯನ್ ವಲಸಿಗ ವಿಜ್ಞಾನಿ 1927ರಲ್ಲಿ ವರದಿ ಮಾಡಿದ್ದಳು. ದೋಷವಿರುವ ಜೀನ್ ಒಂದು ಪ್ರತಿ ಇದ್ದರೆ ಬಾಲ ಗಿಡ್ಡ. ಎರಡೂ ಪ್ರತಿಗಳು ಕೆಟ್ಟಿದ್ದರೆ ಭ್ರೂಣ ಹುಟ್ಟುವ ಮೊದಲೇ ಸಾಯುತ್ತದೆ. ಅಂಥ ಭ್ರೂಣಗಳಲ್ಲಿ ಇಲ್ಲದಿದ್ದದ್ದು ನೋಟೋಕಾರ್ಡ್, ಹಿಲ್ಡೆಯ ಚೂರುಗಳಲ್ಲಿ ಬಿಳಿಯಾಗಿ ಕಂಡ ಅದೇ ಕಡ್ಡಿ. ಸಲೋಮೆಗೆ ಹೊಳೆದದ್ದು ಇಷ್ಟು: ಗಾಜಿನ ಸೂಜಿಯಿಂದ ನಾವು ಒಂದು ಭಾಗ ಕತ್ತರಿಸಿ ಏನಾಗುತ್ತದೆಂದು ನೋಡುತ್ತೇವೆ, ಇಲ್ಲಿ ಆ ಕತ್ತರಿ ಹಾಕಿರುವುದು ಜೀನ್. ಕೆಟ್ಟ ಜೀನ್ ಎಂದರೆ ಪ್ರಕೃತಿಯೇ ಮಾಡಿಟ್ಟ ಪ್ರಯೋಗ. ಅಪ್ಪಣೆಗಳ ಭ್ರೂಣಶಾಸ್ತ್ರವನ್ನು ಜೀನ್‌ಗಳ ಭಾಷೆಯಲ್ಲಿ ಓದಬಹುದೆಂದು ಅವಳು 1938ರಲ್ಲೇ ತೋರಿಸಿದಳು. ಕೊಲಂಬಿಯಾದಲ್ಲಿ ಇದ್ದಷ್ಟೂ ವರ್ಷ ಅವಳಿಗೆ ಅಧ್ಯಾಪಕ ಹುದ್ದೆ ಸಿಗಲಿಲ್ಲ. ನೂರು ವರ್ಷ ಬದುಕಿ 2007ರಲ್ಲಿ ತೀರಿಕೊಂಡಳು.

ಜೀನ್‌ಗಳನ್ನು ಕೈಯಲ್ಲಿ ಹಿಡಿದು ನೋಡುವ ಕಾಲ ಬಂದದ್ದು ಇನ್ನೂ ತಡವಾಗಿ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ಡಿ ಡಿ ರಾಬರ್ಟಿಸ್‌ನ ಗುಂಪು ಕಪ್ಪೆಯ ಮೇಲ್ತುಟಿಯಲ್ಲಿ ಮಾತ್ರ ಚುರುಕಾಗಿರುವ ಒಂದು ಜೀನ್ ಹಿಡಿಯಿತು. ಅದರ ಆರ್‌ಎನ್‌ಎಯನ್ನು ಭ್ರೂಣದ ಹೊಟ್ಟೆಯ ಕಡೆ ಚುಚ್ಚಿದರೆ ಹಿಲ್ಡೆಯ ಜೋಡಿ ಭ್ರೂಣ ಮತ್ತೆ ಮೂಡಿತು. ಮರುವರ್ಷ ಬರ್ಕ್ಲಿಯಲ್ಲಿ ಸ್ಮಿತ್ ಮತ್ತು ಹಾರ್ಲಂಡ್ 'ನಾಗಿನ್' ಎಂಬ ಪ್ರೋಟೀನ್ ಕಂಡುಹಿಡಿದರು. ನಮ್ಮ ಹಾವಿಗೂ ಇದಕ್ಕೂ ಸಂಬಂಧವಿಲ್ಲ; ಇಂಗ್ಲಿಷಿನಲ್ಲಿ ತಲೆಗೆ ಹೇಳುವ ಆಡುಮಾತು ಅದು. ಹೆಚ್ಚಾಗಿ ಕೊಟ್ಟರೆ ಭ್ರೂಣ ಪೂರ್ತಿ ತಲೆಯೇ ಆಗಿಬಿಡುತ್ತಿತ್ತು. 1994ರಲ್ಲಿ ಡಿ ರಾಬರ್ಟಿಸ್ ಬಳಿಯಿದ್ದ ಜಪಾನಿನ ಯೋಶಿಕಿ ಸಸಾಯಿ 'ಕಾರ್ಡಿನ್' ಎಂಬ ಇನ್ನೊಂದನ್ನು ಕಂಡ. ಅರವತ್ತು ವರ್ಷ ಹುಡುಕಿದ ಅಪ್ಪಣೆಗಳು ಕೊನೆಗೂ ಸಿಕ್ಕಿದವು ಎನಿಸಿತು. ಆದರೆ ಅವು ಏನು ಹೇಳುತ್ತಿದ್ದವು?

ಏನನ್ನೂ ಹೇಳುತ್ತಿರಲಿಲ್ಲ. 1989ರಲ್ಲಿ ಜರ್ಮನಿಯ ಗ್ರುಂಟ್ಸ್ ಮತ್ತು ಟಾಕ್ ಒಂದು ವಿಷಯ ಗಮನಿಸಿದ್ದರು. ಚರ್ಮವಾಗಬೇಕಿದ್ದ ಕೋಶಗಳನ್ನು ಬಿಡಿಬಿಡಿಯಾಗಿ ಕೆಲವು ಗಂಟೆ ಇಟ್ಟರೆ, ಯಾವ ಸಂಘಟಕವೂ ಇಲ್ಲದೆ ಅವು ನರವಾಗುತ್ತವೆ. ಒಟ್ಟಿಗಿದ್ದಾಗ ಅವು ಒಂದಕ್ಕೊಂದು 'ಚರ್ಮವಾಗು, ಚರ್ಮವಾಗು' ಎಂದು ಹೇಳಿಕೊಳ್ಳುತ್ತಿರುತ್ತವೆ ಎಂದಾಯಿತು. ಆ ಮಾತನ್ನು ಒಯ್ಯುವುದು ಬಿಎಂಪಿ ಎಂಬ ಪ್ರೋಟೀನ್. ಮೊದಲು ಮೂಳೆಯಲ್ಲಿ ಪತ್ತೆಯಾದ್ದರಿಂದ ಹೆಸರಿನಲ್ಲಿ ಮೂಳೆ ಸೇರಿಕೊಂಡಿದೆ. 1996ರಲ್ಲಿ ತಿಳಿದದ್ದು, ನಾಗಿನ್ ಮತ್ತು ಕಾರ್ಡಿನ್ ಎರಡೂ ಬಿಎಂಪಿಗೆ ನೇರವಾಗಿ ಅಂಟಿಕೊಂಡು, ಅದು ಕೋಶವನ್ನು ಮುಟ್ಟದಂತೆ ತಡೆಯುತ್ತವೆ. ಸಂಘಟಕ 'ಮಿದುಳಾಗು' ಎಂದು ಅಪ್ಪಣೆ ಕೊಡುವುದಿಲ್ಲ. ಸಭೆಯಲ್ಲಿ ಒಂದೇ ಸಮನೆ ಅರಚುತ್ತಿರುವ ಮೈಕನ್ನು ಆರಿಸುತ್ತದೆ, ಅಷ್ಟೆ. ಗದ್ದಲ ನಿಂತ ಮೇಲೆ ಕೋಶಗಳು ತಮಗೆ ಮೊದಲೇ ಗೊತ್ತಿದ್ದ ಹಾಡು ಹಾಡುತ್ತವೆ. ಮೆಥಿಲೀನ್ ಬ್ಲೂ, ಯಕೃತ್ತಿನ ಚೂರುಗಳ ಒಗಟೂ ಇದರಿಂದ ಬಹುಮಟ್ಟಿಗೆ ಬಿಡಿಸಿಕೊಂಡಿತು: ನರವಾಗುವ ತುದಿಯಲ್ಲೇ ನಿಂತಿದ್ದ ಕೋಶಗಳ ಆ ಮಾತುಕತೆಯನ್ನು ಯಾವುದು ಕೆಡಿಸಿದರೂ ಸಾಕಿತ್ತು. ಹಿಲ್ಡೆಯ ಚೂರುಗಳಲ್ಲಿ ನರನಾಳ ಕಪ್ಪಾಗಿದ್ದುದರ ಅರ್ಥ ಈಗ ಇನ್ನಷ್ಟು ಆಳವಾಯಿತು. ಕೋಶ ಮಾತ್ರವಲ್ಲ, ನರವಾಗುವ ಬಲವೂ ಅತಿಥೇಯದ್ದೇ. (ಕೋಳಿಯ ಭ್ರೂಣದಲ್ಲಿ ಇಷ್ಟು ಸರಳವಿಲ್ಲ, ಬೇರೆ ಸಂಕೇತಗಳೂ ಬೇಕು, ಆದರೆ ಮೈಕ್ ಆರಿಸುವ ಕೆಲಸ ಅಲ್ಲೂ ಉಂಟು.)

ಕಾರ್ಡಿನ್‌ಗೆ ಸಂಬಂಧಿಸಿದ ಇನ್ನೊಂದು ಸಂಗತಿ ಸಾಹಿತ್ಯದವರಿಗೂ ಹಿಡಿಸಬೇಕು. ಹಣ್ಣುನೊಣದಲ್ಲಿ ಕಾರ್ಡಿನ್‌ಗೆ ಸಮನಾದ ಜೀನ್ ಒಂದಿದೆ, ಕೆಲಸವೂ ಒಂದೇ. ಆದರೆ ಅದು ಚುರುಕಾಗಿರುವುದು ಬೆನ್ನಿನಲ್ಲಲ್ಲ, ಹೊಟ್ಟೆಯ ಕಡೆ. ಕೀಟಗಳ ನರದ ಎಳೆ ಇರುವುದೂ ಹೊಟ್ಟೆಯ ಕಡೆಗೇ. ನಾವು ಬೋರಲಾಗಿ ತಿರುಗಿದ ಕೀಟಗಳೋ, ಅವು ತಿರುಗಿದ ನಾವೋ! 1822ರಲ್ಲಿ ಪ್ಯಾರಿಸ್‌ನ ಜೋಫ್ರುವಾ ಸೇಂಟ್ ಹಿಲೇರ್ ಒಂದು ಸಿಗಡಿ ಜಾತಿಯ ಪ್ರಾಣಿಯನ್ನು ಕೊಯ್ದು, ಬೆನ್ನಡಿಯಾಗಿಸಿ ನೋಡಿ, ಅದರ ಅಂಗಗಳ ಜೋಡಣೆ ನಮ್ಮಂತೆಯೇ ಇದೆ ಎಂದಿದ್ದ. ಎಲ್ಲ ಪ್ರಾಣಿಗಳಿಗೂ ಒಂದೇ ನಕ್ಷೆ ಎನ್ನುವ ಅವನ ವಾದವನ್ನು 1830ರ ಬಹಿರಂಗ ಚರ್ಚೆಯಲ್ಲಿ ಕ್ಯೂವಿಯೆ ಹರಿದು ಹಾಕಿದ. ಪ್ಯಾರಿಸ್‌ನಲ್ಲಿ ಕ್ರಾಂತಿಯಾದ ಸುದ್ದಿ ಬಂದಾಗ ಮುದುಕ ಗಯಟೆ ಜ್ವಾಲಾಮುಖಿ ಸಿಡಿಯಿತೆಂದು ಸಂಭ್ರಮಿಸಿದ್ದು ಕ್ರಾಂತಿಗಲ್ಲ, ಈ ಪ್ರಾಣಿಶಾಸ್ತ್ರದ ಜಗಳಕ್ಕೆ ಎಂದು ಅವನ ಒಡನಾಡಿ ಎಕರ್ಮನ್ ಬರೆದಿಟ್ಟಿದ್ದಾನೆ. ಸೋತವನೆಂದು ಬದಿಗೆ ಸರಿಸಿದ್ದ ಜೋಫ್ರುವಾನ ಮಾತಿಗೆ 1990ರ ದಶಕದಲ್ಲಿ ಜೀನ್‌ಗಳು ಸಾಕ್ಷಿ ಹೇಳಿದವು.

ಹಿಲ್ಡೆಯ ಪರವಾಗಿ ಸಾಕ್ಷಿ ಹೇಳಿದವನು ಹ್ಯಾಂಬರ್ಗರ್. 1984ರಲ್ಲಿ, ಎಂಬತ್ತು ದಾಟಿದ ಮೇಲೆ, ಅವನು ವಿಜ್ಞಾನ ಚರಿತ್ರೆಯ ಪತ್ರಿಕೆಯೊಂದರಲ್ಲಿ ಅವಳ ಬಗ್ಗೆ ಲೇಖನ ಬರೆದ; ಶೀರ್ಷಿಕೆಯಲ್ಲೇ ಅವಳನ್ನು ಸಂಘಟಕದ ಸಹಶೋಧಕಿ ಎಂದು ಕರೆದ. ಇವತ್ತು ಅವಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಅವನ ನೆನಪಿನಿಂದ ಬಂದದ್ದು. ಎರಡು ವರ್ಷದ ನಂತರ, 1986ರಲ್ಲಿ, ನರಕೋಶಗಳನ್ನು ಬೆಳೆಸುವ ಪ್ರೋಟೀನಿನ ಶೋಧಕ್ಕೆ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್‌ರಿಗೆ ನೊಬೆಲ್ ಬಂತು. ಆ ಕೆಲಸ ಶುರುವಾದದ್ದು ಸೇಂಟ್ ಲೂಯಿಯಲ್ಲಿದ್ದ ಹ್ಯಾಂಬರ್ಗರ್‌ನ ಪ್ರಯೋಗಾಲಯದಲ್ಲಿ, ಅವನದೇ 1934ರ ಲೇಖನ ಎತ್ತಿದ್ದ ಪ್ರಶ್ನೆಯಿಂದ. ಬಹುಮಾನದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

2018ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಅಲಿ ಬ್ರಿವಾನ್ಲೂ ಗುಂಪಿನವರು ಮನುಷ್ಯರಲ್ಲೂ ಸಂಘಟಕವಿದೆಯೇ ಎಂದು ನೋಡಲು ಹೊರಟರು. ಮನುಷ್ಯನ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ ಎಂಬುದು ಆಗ ಎಲ್ಲೆಡೆ ಒಪ್ಪಿಕೊಂಡಿದ್ದ ನಿಯಮ. ಸಂಘಟಕ ಮೂಡುವುದು ಸುಮಾರಾಗಿ ಆ ಹೊತ್ತಿಗೇ. ಹಾಗಾಗಿ ಅವರು ಮನುಷ್ಯನ ಆಕರಕೋಶಗಳನ್ನು ಬಟ್ಟಲಲ್ಲಿ ಬೆಳೆಸಿ, ಸಂಘಟಕವಾಗುವಂತೆ ಒಲಿಸಿ, ಕೋಳಿಯ ಭ್ರೂಣಕ್ಕೆ ಕಸಿ ಮಾಡಿದರು. ಯಾವ ಕೋಶ ಯಾರದ್ದೆಂದು ತಿಳಿಯಲು ಮನುಷ್ಯರ ಕೋಶಗಳಿಗೆ ಬೇರೆ ಬಣ್ಣದ ಗುರುತು. ಕೋಳಿಯ ಭ್ರೂಣದಲ್ಲಿ ಎರಡನೆಯ ಬೆನ್ನಿನ ಗೆರೆ ಮೂಡಿತು. ಒಳಗಿನ ಕಡ್ಡಿಯಲ್ಲಿ ಮನುಷ್ಯರ ಕೋಶಗಳು, ಅದರ ಪಕ್ಕದಲ್ಲಿ ಹೊಸದಾಗಿ ಹುಟ್ಟಿದ ನರದ ಅಂಗಾಂಶದಲ್ಲಿ ಕೋಳಿಯವು. ಲೇಖನದ ಮೊದಲ ಹೆಸರು ಪ್ರಯೋಗಾಲಯದ ಯುವ ಸಂಶೋಧಕನದು. ಪ್ರೊಫೆಸರರ ಹೆಸರು, ಈಗಿನ ರೂಢಿಯಂತೆ, ಕೊನೆಗೆ.